ಮಳೆ ತಾಗಿದ ಎರಡು ಹಲ್ಲು

ಟಪ್ ಎಂದು ತಗಡಿನ ಡಬ್ಬಿಯ ಮುಚ್ಚಳ ತೆರೆಯುವ ಸದ್ದು. ಸಿಂದಗಿಯ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆ ಸದ್ದಿಗೆ. ಹಿತ್ತಲ ಕಟ್ಟೆಯ ಮೇಲೆ ನನ್ನ ನೆಗೆಣ್ಣಿ, ನಮ್ಮವರ ಅಣ್ಣನ ಹೆಂಡತಿ, ಮಿಶ್ರಿ ತಿಕ್ಕಲು ಕೂತಿರುತ್ತಿದ್ದರು. ತಂಬಾಕು ಸುಟ್ಟು ಮಾಡಿದ ಕಪ್ಪು ಹಲ್ಲುಪುಡಿ ಅದು. ನಮ್ಮವರು ಅವರನ್ನು ವೈನಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನಾನು ಕಾನ್ವೆಂಟಿನವಳು, ಸಿಸ್ಟರುಗಳಿಗೆ ದಿನಾ ಹಲ್ಲು ತೋರಿಸಿ ಕ್ಲಾಸಿಗೆ ಹೋದವಳು. ಮದುವೆಯಾಗಿ ಬಂದ ಮೊದಲ ವಾರ ಮೂಗು ಮುರಿದೆ. ಎರಡನೆಯ ವಾರ, ಜಸ್ಟ್ ಫಾರ್ ಕಂಪನಿ, ಬೆರಳು ಅದ್ದಿದೆ. ಆ ಕಂಪನಿ ಮೂವತ್ತು ವರ್ಷ ನಡೆಯಿತು. ಹಗಲು ಹೆಣ್ಣುಮಕ್ಕಳ ಸಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ, ಬಣ್ಣ ಕಾಣಬಾರದೆಂದು ತುಟಿ ಆದಷ್ಟು ಕಡಿಮೆ ತೆರೆದು. ಅದರಿಂದಾಗಿ ನನ್ನ ಉಚ್ಚಾರ ಪಕ್ಕಾ ಬ್ರಿಟಿಷ್ ಎಂದು ಊರಲ್ಲಿ ಹೆಸರಾಯಿತು.

ಹಲ್ಲು ಮುರಿದದ್ದೂ ಮ್ಯಾನರ್ಸ್‌ನಿಂದಲೇ. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಎಲ್ಲರೂ ಶೇಂಗಾದುಂಡಿಯನ್ನು ದವಡೆಗೆ ಹಾಕಿ ಪುಡಿ ಮಾಡುತ್ತಿದ್ದರು. ನಾನೊಬ್ಬಳೇ ಮುಂದಿನ ಹಲ್ಲಿನಿಂದ ನಾಜೂಕಾಗಿ ಕಚ್ಚಿದೆ. ಎರಡು ಹಲ್ಲು ಅರ್ಧಕ್ಕೆ ಹೋದವು.

ಕ್ಯಾಪ್ ಹಾಕಿಸುವುದು ಸಿಂದಗಿಯಲ್ಲಿ ಯಾರಿಗೂ ತಿಳಿಯಬಾರದೆಂದು ಬಸವನ ಬಾಗೇವಾಡಿಯ ತನಕ ಹೋದೆವು, ನಾನು ಮತ್ತು ವೈನಿ. ಡಾಕ್ಟರು ಮಾದರಿ ಹಲ್ಲುಗಳ ಸಾಲೊಂದನ್ನು ಮುಂದೆ ಹಿಡಿದು ಶೇಡ್ ಆರಿಸಿರಿ ಎಂದರು. ನಾನು ಸೀದಾ ಎಲ್ಲಕ್ಕಿಂತ ಬಿಳಿಯದಕ್ಕೆ ಕೈ ಹಾಕಿದೆ. ವೈನಿ ನನ್ನ ಕೈ ಸರಿಸಿ, ಜೋಳದ ಕಾಳು ನೋಡುವಂತೆ ಒಂದೊಂದನ್ನೇ ಬೆಳಕಿಗೆ ತಿರುಗಿಸಿದರು.

"ಬಿಳೀದು ಹಾಕಿದ್ರ ಇಡೀ ಸಿಂದಗಿ ಗುರ್ತ ಹಿಡೀತದ ಅಕ್ಕೋರ. ಡಾಕ್ಟರ, ಇಕಾ ಇದು, ಮಳಿ ಹತ್ತಿದ ಜ್ವಾಳದಂಗ ಅದ ನೋಡ್ರಿ, ಇದನ್ನ ಹಾಕ್ರಿ."

ತೆನೆಯಲ್ಲಿದ್ದಾಗ ಮಳೆ ತಾಗಿದರೆ ಜೋಳದ ಕಾಳು ಕಪ್ಪಿಡುತ್ತದೆ. ಅಕ್ಕೋರು ಎಂದರೆ ಟೀಚರು. ನನ್ನ ಜಂಬ ಇಳಿಸಬೇಕಾದಾಗಲೆಲ್ಲ ಅವರು ಹಾಗೆ ಕರೆಯುತ್ತಿದ್ದರು. ಆ ಕ್ಯಾಪ್ ಎಷ್ಟು ಚೆನ್ನಾಗಿ ಹೊಂದಿತೆಂದರೆ ನಮ್ಮವರಿಗೂ ಗೊತ್ತಾಗಲಿಲ್ಲ. ಗೊತ್ತಿದ್ದದ್ದು ವೈನಿಗೆ ಮಾತ್ರ, ಅವರು ಕೊನೆಯತನಕ ಬಾಯಿ ಬಿಡಲಿಲ್ಲ. ಮುಂದೆ ಅವರು ಆಲಮೇಲದ ಮಗಳ ಮನೆಗೆ ಹೋದರು, ಡಬ್ಬಿಯೂ ಅವರ ಜೊತೆ ಹೋಯಿತು. ಒಬ್ಬಳೇ ಮಿಶ್ರಿ ತಿಕ್ಕುವುದು ನನಗೆ ಸೇರಲಿಲ್ಲ, ಬಿಟ್ಟೆ.

ಹೋದ ವರ್ಷ ಒಂದೇ ವಾರದಲ್ಲಿ ಎರಡು ಫೋನು ಬಂದವು. ಒಂದು, ಕಾನ್ವೆಂಟಿನ ಗೆಳತಿಯರ ರಿಯೂನಿಯನ್, ಗ್ರೂಪ್ ಫೋಟೊ ಉಂಟು ಎಂದು. ಇನ್ನೊಂದು ಆಲಮೇಲದಿಂದ, ವೈನಿ ಹಾಸಿಗೆ ಹಿಡಿದಿದ್ದಾರೆ, ನಿನ್ನನ್ನು ನೋಡಬೇಕಂತೆ ಎಂದು. ನಾನು, ದೇವರು ಕ್ಷಮಿಸಲಿ, ಮೊದಲು ಫೋಟೊ, ಆಮೇಲೆ ಆಲಮೇಲ ಎಂದು ಪ್ಲ್ಯಾನ್ ಮಾಡಿದೆ. ಹಲ್ಲು ಬಿಳಿ ಮಾಡುವ ಜೆಲ್ ತರಿಸಿದೆ. ಜೊತೆಗೆ ಬಂದ ಇಂಗ್ಲಿಷ್ ಚೀಟಿಯನ್ನು, ನನಗೇನು ಇಂಗ್ಲಿಷ್ ಹೊಸದೇ ಎಂದು, ಮಡಚಿ ಡಬ್ಬದಲ್ಲೇ ಇಟ್ಟೆ.

ಹತ್ತು ದಿನಕ್ಕೆ ಕನ್ನಡಿ ಮುಂದೆ ನಿಂತು ನಕ್ಕರೆ, ಎಲ್ಲ ಹಲ್ಲೂ ಹೊಸ ಜೋಳದಂತೆ ಹೊಳೆಯುತ್ತಿವೆ, ನಟ್ಟನಡುವೆ ಎರಡು ಮಾತ್ರ ಮಳೆ ತಾಗಿದ ಕಾಳು. ಇನ್ನೂ ಐದು ದಿನ ಆ ಎರಡಕ್ಕೇ ಹೆಚ್ಚು ಜೆಲ್ ಬಳಿದೆ. ಸುತ್ತಲಿನವು ಮತ್ತಷ್ಟು ಬೆಳ್ಳಗಾದವು.

ಈ ಸಲ ಸಿಂದಗಿಯಲ್ಲೇ, ನಾಚಿಕೆ ಬಿಟ್ಟು, ಒಬ್ಬ ಹುಡುಗಿ ಡಾಕ್ಟರ ಹತ್ತಿರ ಹೋದೆ. ಕ್ಯಾಪಿಗೆ ಬ್ಲೀಚ್ ಹತ್ತಂಗಿಲ್ರಿ ಅಜ್ಜಿ, ಅದು ಹಲ್ಲಲ್ಲ ಎಂದಳು. ಹಾಕಿದ ದಿನದ ಬಣ್ಣವೇ ಕಡೆತನಕವಂತೆ. ಬೇಕಾದರೆ ಹೊಸ ಕ್ಯಾಪ್ ಮಾಡಬೇಕು. ಅದಕ್ಕೂ ಮೊದಲು, ಉಳಿದ ಹಲ್ಲುಗಳ ಬಣ್ಣ ನೆಲೆ ನಿಲ್ಲಲು ಎರಡು ವಾರ ಕಾಯಬೇಕು. ಚೀಟಿಯಲ್ಲಿ ಬರೆದಿರ್ತದಲ್ರಿ ಎಂದೂ ಕೇಳಿದಳು. ಅಕ್ಷರ ಸಣ್ಣವು ಎಂದೆ.

ರಿಯೂನಿಯನ್ನಿಗೆ ವೈರಲ್ ಫೀವರ್ ಎಂದು ಸುಳ್ಳು ಹೇಳಿದೆ. ಆಲಮೇಲಕ್ಕೂ ಅದೇ ಸುಳ್ಳು. ಕಪ್ಪು ಹಲ್ಲಿನ ಆ ಮುದುಕಿಯ ಎದುರು, ಎಲ್ಲ ಬಲ್ಲವಳ ಎದುರು, ನನಗೇನು ನಾಚಿಕೆಯೋ! ಹೊಸ ಕ್ಯಾಪ್ ಬಂದ ಮೇಲೆ ಹೋದರಾಯಿತು ಎಂದು ದಿನ ದೂಡಿದೆ. ಎಂಟು ದಿನಕ್ಕೆ ವೈನಿಯೇ ಫೋನಿಗೆ ಬಂದರು. ದನಿ ತೀರಾ ಸಣ್ಣಗಾಗಿತ್ತು. ಜ್ವರ ಎಂದೆ. ಆಮೇಲೆ ತಡೆಯಲಾರದೆ ಹಲ್ಲಿನ ಕಥೆಯನ್ನೆಲ್ಲ ಹೇಳಿಬಿಟ್ಟೆ.

"ಅದಕ್ಕ ನಿಂತೀಯೇನ? ನಾ ಅಷ್ಟ ದಿನಾ ಇರಂಗಿಲ್ಲ. ಹೆಂಗ ಇದ್ದೀ ಹಂಗ ಬಾ."

ಮರುದಿನ ಬೆಳಗಿನ ಬಸ್ಸಿಗೆ ಹೊರಟೆ. ಹೆಂಗ ಇದ್ದೀ ಹಂಗ ಬಾ ಎಂದಿದ್ದರೂ ಮಾಸ್ಕ್ ಹಾಕಿಕೊಂಡೇ ಹೋದೆ.

ವೈನಿ ಹಾಸಿಗೆಯಲ್ಲಿ ಮಡಚಿಟ್ಟ ಒಂದು ಸೀರೆಯಷ್ಟಾಗಿದ್ದರು. ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಹತ್ತಿರ ಕೂತೆ. ಅವರೇ ಕೈ ಎತ್ತಿ ಮಾಸ್ಕನ್ನು ಗದ್ದಕ್ಕೆ ಎಳೆದರು, ಹಲ್ಲು ತೋರಿಸು ಎಂದರು. ತೋರಿಸಿದೆ. ನಕ್ಕರು, ಕೆಮ್ಮು ಬರುವ ತನಕ ನಕ್ಕರು. ನೀರು ಕುಡಿಸಿದ ಮೇಲೆ ನನ್ನ ಆ ಎರಡು ಹಲ್ಲನ್ನು ಬೆರಳ ತುದಿಯಿಂದ ಮುಟ್ಟಿದರು.

"ಇವೆರಡು ನಾ ಆರಿಸಿದ್ದು. ಇವನ್ನ ತಗಸಬ್ಯಾಡ."

ಸಂಜೆಯ ಬಸ್ಸಿಗೆ ಏಳುವಾಗ ರೂಢಿಯಂತೆ ಮತ್ತೆ ಮಾಸ್ಕ್ ಏರಿಸಿದ್ದೆ. ಬಾಗಿಲಲ್ಲಿ ತಿರುಗಿ ನೋಡಿದರೆ ವೈನಿ ದಿಂಬಿನ ಮೇಲಿಂದಲೇ, ಕೆಳಗೆ ಎಳೆ ಎಂದು ಬೆರಳಾಡಿಸುತ್ತಿದ್ದರು. ಎಳೆದೆ. ಬ್ರಿಟಿಷ್ ತುಟಿಗಳನ್ನು ಪೂರ್ತಿ ತೆರೆದು ನಕ್ಕೆ. ಅವರೂ ಬೋಳು ಒಸಡು ತೋರಿಸಿ ನಕ್ಕರು. ನಾನು ಅವರನ್ನು ಕಂಡದ್ದು ಅದೇ ಕಡೆಯ ಸಲ.