ಸೌಟಾಗದ ಮರದ ತುಂಡು
ಬಡಗಿ ಮಾವನ ಕೈ ಖಾಲಿಯಿದ್ದರೆ ತಲೆಯೂ ಖಾಲಿ. "ಮಗಳನ್ನ ಯಾವ ಕಾಲೇಜಿಗೆ ಸೇರಿಸೋಣ?" ಎಂದು ಹೆಂಡತಿ ಕೇಳಿದರೆ, "ತಡಿಯೇ, ಮೊದ್ಲು ಒಂದು ತುಂಡು ಮರ ಕೊಡು" ಅನ್ನುವ ಆಸಾಮಿ. ಜೇಬಿನ ಚಾಕು ತೆಗೆದು ಕೆತ್ತುತ್ತ ಕೆತ್ತುತ್ತ ಯೋಚನೆ ಒಂದು ಹದಕ್ಕೆ ಬರುವಷ್ಟರಲ್ಲಿ ಮರವೂ ಸೌಟಾಗಿರುತ್ತದೆ. ತಮ್ಮನ ಮೇಲಿನ ಸಿಟ್ಟು ಇಳಿದಾಗ ಹುಟ್ಟಿದ ಸೌಟಿಗೆ ಮಾರುದ್ದದ ಹಿಡಿ, ಅಷ್ಟು ಸಿಟ್ಟಿತ್ತು. "ಇವರ ಯೋಚನೆ ತೂಗುಹಾಕೋಕೆ ಅಡುಗೆಮನೆ ಗೋಡೆ ಸಾಲ್ದು" ಎಂದು ಹೆಂಡತಿಯ ಗೊಣಗಾಟ. ಅವಳಿಗೆ ಆಪರೇಷನ್ ಆದ ದಿನ, ಕಣ್ಣು ಬಿಟ್ಟವಳೇ ಗಂಡನನ್ನು ನೋಡಿ ನಕ್ಕು, "ಇವತ್ತು ಎಷ್ಟು ಸೌಟಾಯ್ತು?" ಎಂದಳು. ಬೆಳಗಿನಿಂದ ಹೊರಗಿನ ಬೆಂಚಿನಲ್ಲಿ ಚಾಕು ಬಿಚ್ಚಿಕೊಂಡೇ ಕೂತಿದ್ದ ಮಾವ, ಕೈಯಲ್ಲಿದ್ದ ತುಂಡನ್ನು ತೋರಿಸಿದ. ಅದರ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಅವಳ ನಗು ನಿಂತುಹೋಯಿತು. "ಅಯ್ಯೋ, ಇಷ್ಟೊಂದು ಹೆದರಿಬಿಟ್ರಾ?"