ಸ್ಟೆಬಿಲೈಜರಿಗೆ ಹೊಲಿದ ಕುಲಾಯಿ

ದೇವರ ಮುಂದಿನ ದೀಪಕ್ಕಿಂತ ಪಡಸಾಲೆಯ ಬಲ್ಬಿನ ಮೇಲೆ ನನಗೆ ಭಯಭಕ್ತಿ ಹೆಚ್ಚು. ಆ ಕಾಲದ ಶಹಾಬಾದದಲ್ಲಿ ಸಂಸಾರ ಹೂಡಿದವರಿಗೆ ಇದು ಅರ್ಥವಾದೀತು. ಕಲ್ಲು ಪಾಲಿಶ್ ಮಾಡುವ ಮಷೀನುಗಳು ಊರಿನ ಕರೆಂಟನ್ನೆಲ್ಲ ಎಳೆದುಕೊಂಡು ತಿರುಗುವಾಗ ಕಾಮಾಲೆಯಾದಂತೆ ಹಳದಿಯಾಗಿರುತ್ತಿದ್ದ ಬಲ್ಬು, ಸಂಜೆ ಅವೆಲ್ಲ ಒಮ್ಮೆಲೇ ನಿಂತವೆಂದರೆ ಬೆಳ್ಳಗೆ ಉರಿದೇಳುತ್ತಿತ್ತು. ಏರಿದ ಕರೆಂಟು ಯಾರ ಮನೆಯ ರೇಡಿಯೋ, ಯಾರ ಮನೆಯ ಫ್ಯಾನು ನುಂಗುತ್ತದೋ ಹೇಳುವಂತಿರಲಿಲ್ಲ. ಸಂಸ್ಕೃತದಲ್ಲಿ ಲಕ್ಷ್ಮಿಗೂ ಮಿಂಚಿಗೂ ಚಂಚಲೆ ಎಂದೇ ಹೆಸರಂತೆ. ಆ ಹೆಸರಿಟ್ಟವರು ನಮ್ಮ ಓಣಿಯಲ್ಲಿ ನಾಲ್ಕು ದಿನ ಇದ್ದು ಹೋಗಿರಬೇಕು.

ಇಂಥ ಓಣಿಗೆ ಮೊದಲ ಫ್ರಿಜ್ ತಂದ ಧೀರ ನಾನು. ಅದರ ಅಂಗರಕ್ಷಕನಾಗಿ ಸ್ಟೆಬಿಲೈಜರ್ ಬಂತು. ಏರಿಳಿಯುವ ಕರೆಂಟನ್ನು ಹದಕ್ಕೆ ತರುವ ತಗಡಿನ ಡಬ್ಬಿ. ನನ್ನ ಹೆಂಡತಿ ಶಾಂತಾಳಿಗೆ ಅದರ ಮೇಲೆ ಬಾಣಂತಿಯ ಅಕ್ಕರೆ. ಕಲ್ಲಿನ ಧೂಳು ಅದರ ತೂತುಗಳಲ್ಲಿ ಹೋಗಬಾರದೆಂದು, ಕೂಸಿಗೆ ಹಾಕುವಂಥ ಕುಲಾಯಿಯನ್ನು ಖಣದ ಬಟ್ಟೆಯಲ್ಲಿ ಹೊಲಿದು ತೊಡಿಸಿದಳು. ಡಬ್ಬಿ ಉಸಿರಾಡುವುದೇ ಆ ತೂತುಗಳಿಂದ ಎಂಬುದು ಅವಳಿಗೂ ಹೊಳೆಯಲಿಲ್ಲ, ಮೆಚ್ಚಿ ತಲೆಯಾಡಿಸಿದ ನನಗೂ ಹೊಳೆಯಲಿಲ್ಲ.

ಫ್ರಿಜ್ಜಿನಲ್ಲಿ ನಮ್ಮದೆಂದು ಇದ್ದದ್ದು ಮಜ್ಜಿಗೆ, ಕೊತ್ತಂಬರಿ. ಬೆಲೆಯುಳ್ಳದ್ದು ಪಕ್ಕದ ಮನೆಯ ಖಾಸಿಂಬಿಯದು: ಅವಳ ಗಂಡನ ಸಕ್ಕರೆ ಕಾಯಿಲೆಯ ಇನ್ಸುಲಿನ್ ಬಾಟಲಿ. ಅದು ಕೆಟ್ಟರೆ ಇನ್ನೊಂದಕ್ಕೆ ಗುಲ್ಬರ್ಗಾಕ್ಕೇ ಹೋಗಬೇಕು. “ದವಾ ಅಲ್ಲಕ್ಕಾ, ಅವ್ರ ಜೀವಾನೇ ನಿಮ್ಮ ಮನ್ಯಾಗ ಇಟ್ಟೀನಿ,” ಎನ್ನುತ್ತಿದ್ದಳು.

ಒಂದು ಬೇಸಿಗೆಯ ಸಂಜೆ ಮಷೀನುಗಳು ನಿಂತವು, ಬಲ್ಬು ಬೆಳ್ಳಗಾಯಿತು, ಕುಲಾಯಿಯೊಳಗಿಂದ ಹೊಗೆ ಎದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಕಾಯಬೇಕಾದದ್ದೇ ಹೊತ್ತಿಕೊಂಡಿತ್ತು. ನಾನು ನೀರಿನ ಗಡಿಗೆ ಎತ್ತಿಕೊಂಡು ಓಡಿ ಬಂದೆ.

“ನೀರ್ ಹಾಕಬ್ಯಾಡ್ರೀ! ಹಿಂದ ಸರೀರಿ!” ಎಂದು ಕೂಗಿದ ಶಾಂತಾ ಮೇನ್ ಸ್ವಿಚ್ ಇಳಿಸಿದಳು.

ಫ್ರಿಜ್ ಉಳಿಯಿತು, ಸ್ಟೆಬಿಲೈಜರ್ ಸತ್ತಿತು. ಅದಿಲ್ಲದೆ ಫ್ರಿಜ್ ಹಚ್ಚುವ ಧೈರ್ಯ ಯಾರಿಗೂ ಇಲ್ಲ. ಆ ಉರಿಬಿಸಿಲಿನ ಊರಲ್ಲಿ ಬಾಟಲಿಯನ್ನು ಎಲ್ಲಿಡುವುದು? ನಾನು ಪೆಚ್ಚಾಗಿ ಹಿಡಿದು ನಿಂತಿದ್ದ ಗಡಿಗೆಯನ್ನೇ ಶಾಂತಾ ಇಸಿದುಕೊಂಡಳು. ಬಾಟಲಿಯನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ನೀರಿನ ಮೇಲೆ ತೇಲಿಬಿಟ್ಟಳು, ಗಡಿಗೆಗೆ ಒದ್ದೆ ಅರಿವೆ ಸುತ್ತಿದಳು. ಸ್ಟೆಬಿಲೈಜರ್ ರಿಪೇರಿಯಾಗಿ ಬರುವ ತನಕ ಅವಳೂ ಖಾಸಿಂಬಿಯೂ ಸರದಿಯ ಮೇಲೆ ಅರಿವೆಗೆ ನೀರು ಚಿಮುಕಿಸಿದರು. ಮರುದಿನ ಮುಂಜಾನೆಯೂ ಖಾಸಿಂಬಿಯ ಗಂಡ ಆ ಬಾಟಲಿಯಿಂದಲೇ ಸೂಜಿ ಚುಚ್ಚಿಕೊಂಡು, ಎಂದಿನಂತೆ ಸೈಕಲ್ ಏರಿ ಹೊರಟ. ನನ್ನ ಹೆಂಡತಿಯ ಬಗ್ಗೆ ಅಂದು ಹುಟ್ಟಿದ ಹೆಮ್ಮೆ ಇನ್ನೂ ಇಳಿದಿಲ್ಲ.

ಕುಲಾಯಿ ಟ್ರಂಕು ಸೇರಿತು. ಸ್ಟೆಬಿಲೈಜರ್ ಬರಿದಲೆಯಲ್ಲಿ ಕೂತಿತು. ಆದರೂ ದಿನಾ ಸಂಜೆ ಗೋಡೆಯಾಚೆಯಿಂದ ಖಾಸಿಂಬಿ ಕೂಗುತ್ತಿದ್ದಳು: “ಅಕ್ಕಾ, ಮಷೀನ್ ನಿಂದ್ರಲಿಕತ್ತಾವ!” ಶಾಂತಾ ಹೋಗಿ, ಏರಿದ ಕರೆಂಟು ಹದಕ್ಕೆ ಬರುವ ತನಕ ಪ್ಲಗ್ ಕಿತ್ತಿಡುತ್ತಿದ್ದಳು. ಸ್ಟೆಬಿಲೈಜರಿಗೆ ಒಂದು ವರ್ಷದ ಗ್ಯಾರಂಟಿ ಇತ್ತು. ಆ ಕೂಗಿಗೆ ಯಾರೂ ಗ್ಯಾರಂಟಿ ಬರೆದುಕೊಟ್ಟಿರಲಿಲ್ಲ. ಫ್ರಿಜ್ ತುಕ್ಕು ಹಿಡಿದು ಮೂಲೆ ಸೇರುವ ತನಕ ಅದು ಒಂದು ಸಂಜೆಯೂ ತಪ್ಪಲಿಲ್ಲ.