ನಾಲ್ಕನೇ ಕ್ಯಾಮೆರಾದ ಹೆಸರು

ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಲೈನು ಮನೆಯ ಸುಕನ್ಯ ಮದುವೆ ವಿಡಿಯೋ ಮಾಡುವವಳು. ಕ್ಯಾಮೆರಾ ಹೊತ್ತು ತಿರುಗುವುದಿಲ್ಲ. ಛತ್ರದ ಮೂಲೆಯಲ್ಲಿ ಮೇಜು ಹಾಕಿ ಕೂರುತ್ತಾಳೆ. ನಾಲ್ಕು ಕ್ಯಾಮೆರಾಗಳ ವೈರುಗಳು ಅವಳ ಮುಂದಿನ ರೆಕಾರ್ಡಿಂಗ್ ಪೆಟ್ಟಿಗೆಗೆ ಬರುತ್ತವೆ. ನಾಲ್ಕೂ ಬೇರೆ ಬೇರೆ ಫೈಲಾಗಿ ರೆಕಾರ್ಡಾಗುತ್ತವೆ. ಯಾವುದಕ್ಕೆ ಏನು ಹೆಸರೆಂದು ಮೊದಲೇ ಸೆಟ್ಟಿಂಗ್‌ನಲ್ಲಿ ಬರೆದಿಡಬೇಕು. ಬರೆಯದಿದ್ದರೆ ಮದುವೆಯೆಲ್ಲ ನಂಬರುಗಳ ರಾಶಿ. ತಾಳಿ ಎಲ್ಲಿ, ಊಟ ಎಲ್ಲಿ, ದೇವರೇ ಹುಡುಕಬೇಕು.

ಪೆಟ್ಟಿಗೆ ಗಂಡ ಕಾಂತರಾಜನದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಂಗ್ಲಿಷ್ ಅಕ್ಷರ ಕಲಿಸಿದ್ದು ಅವನೇ, ಆ ಪೆಟ್ಟಿಗೆಯ ಮೇಲೇ. ಆಷಾಢದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ತಿಥಿ ಮುಗಿಯುವ ಮೊದಲೇ ಪೆಟ್ಟಿಗೆ ಮಾರುತ್ತೀಯಾ ಎಂದು ಕೇಳಿಕೊಂಡು ಜನ ಬಂದರು. ಸುಕನ್ಯ ಅಳುತ್ತಲೇ ಇದ್ದಳು. ಪೆಟ್ಟಿಗೆ ಮಾತ್ರ ಕೊಡಲಿಲ್ಲ.

ಅದೇ ವರ್ಷ ಅವಳ ಅಣ್ಣನ ಮಗಳ ಮದುವೆಯಾಯಿತು. ಗಂಡ ಸತ್ತವಳೆಂದು ಬಾಗಿಲ ಹತ್ತಿರ ಕಡೇ ಸಾಲಿನಲ್ಲಿ ಕೂರಿಸಿದರು. ಆಮೇಲೆ ವಿಡಿಯೋ ನೋಡಿದಳು. ಅಡುಗೆಯವರಿದ್ದರು, ಓಲಗದವರಿದ್ದರು, ಛತ್ರದ ನಾಯಿಯೂ ಒಮ್ಮೆ ಬಂದುಹೋಯಿತು. ಸುಕನ್ಯ ಎಲ್ಲೂ ಇರಲಿಲ್ಲ. ಗಂಡ ಸತ್ತ, ಸರಿ. ನಾನು ಯಾವಾಗ ಸತ್ತೆ ಎಂದುಕೊಂಡಳು.

ಅಂದಿನಿಂದ ನಾಲ್ಕನೇ ಕ್ಯಾಮೆರಾ ಕಡೇ ಸಾಲಿಗೆ. ಕಾಂತರಾಜ ಅದನ್ನು ಕ್ರೇನಿಗೆ ಕಟ್ಟುತ್ತಿದ್ದ. ಇವಳು ಸ್ಟ್ಯಾಂಡ್ ಮೇಲೆ ಬಾಗಿಲ ಕಡೆ ನಿಲ್ಲಿಸಿದಳು. ಅಲ್ಲಿ ಕತ್ತಲು. ಮಂಟಪದ ಸೆಟ್ಟಿಂಗ್ ಇಟ್ಟರೆ ಮುಖವೇ ಕಾಣದು. ಅದಕ್ಕೆ ಬೆಳಕು ಬೇರೆಯೇ ಇಟ್ಟಳು. ಮಂಟಪ, ಜನ, ಊಟ ಎಂಬ ಹೆಸರುಗಳ ಕೆಳಗೆ ‘ಕಡೇ ಸಾಲು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದಳು.

ಬಂಗಾರಪೇಟೆಯ ರಾಮಚಂದ್ರಪ್ಪನ ಮಗಳ ಮದುವೆಯಲ್ಲಿ ಅದು ಜಗಳಕ್ಕೆ ಬಂತು. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಅವನು ಮೇಜಿನ ಹತ್ತಿರ ಬಂದ. ಅಲ್ಲಿದ್ದ ಟೀವಿಯಲ್ಲಿ ನಾಲ್ಕು ಚೌಕ, ಕ್ಯಾಮೆರಾಕ್ಕೊಂದು. ಕೊನೆಯ ಚೌಕದಲ್ಲಿ ಅವನ ಅಕ್ಕ ಚಿಕ್ಕವೆಂಕಟಮ್ಮ. ಬರೀ ಹಣೆ, ಬಾಯಲ್ಲಿ ಎಲೆಅಡಿಕೆ.

“ಅದ್ಯಾಕಮ್ಮ ಅಲ್ಲೊಂದ್ ಇಟ್ಟಿದ್ದೀಯ? ಮಂಟಪದ ಕಡೆ ತಿರುಗ್ಸು.”

“ಮಂಟಪಕ್ಕೆ ಒಂದೈತೆ.”

“ಒಳ್ಳೇ ಕೆಲಸದಾಗೆ ಆ ಸಾಲು ಬ್ಯಾಡ. ಆಫ್ ಮಾಡು.”

“ಆಗಲ್ಲ.”

ಮಂಟಪದ ಕ್ಯಾಮೆರಾ ಹಿಡಿದಿದ್ದ ಮೈದುನ ಮುನಿರಾಜ್ ಓಡಿ ಬಂದ. “ಅತ್ಗೆ, ಪಾರ್ಟಿಯೋರು ಏಳಿದಂಗೆ ಮಾಡು. ಸುಮ್ನೆ ಡಿಸ್ಕ್ ತಿಂತದೆ. ಆ ಮುದುಕೀರ್‌ನ ಯಾರ್ ನೋಡ್ತಾರೆ?”

“ನಾನ್ ನೋಡ್ತೀನಿ. ನೀನ್ ಓಗಿ ನಿನ್ ಕ್ಯಾಮೆರಾ ಇಡ್ಕೋ.”

ರಾಮಚಂದ್ರಪ್ಪ ವೈರಿಗೆ ಕೈ ಹಾಕಿದ. ಸುಕನ್ಯ ಎದ್ದು ನಿಂತು ಪೆಟ್ಟಿಗೆಯ ದೊಡ್ಡ ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

“ಅದೊಂದ್ ಕಿತ್ರೆ ನಾಲ್ಕೂ ಆರ್ಸ್ತೀನಿ. ತಾಳಿ ಕಟ್ಟಿದ್ನ ಬಾಯಲ್ಲೇ ಏಳ್ಕೊಂಡ್ ತಿರುಗು.”

ಮಂಟಪದಿಂದ ಪುರೋಹಿತರು ಗಟ್ಟಿಮೇಳ ಎಂದು ಕೂಗಿದರು. ಹೆಣ್ಣಿನ ತಂದೆ ವೈರು ಬಿಟ್ಟು ಓಡಿದ. ಮುನಿರಾಜನೂ ಓಡಿದ. ನಾಲ್ಕೂ ರೆಕಾರ್ಡಾದವು.

ಊಟವಾದ ಮೇಲೆ ರಾಮಚಂದ್ರಪ್ಪ ಮತ್ತೆ ಬಂದ. ಆ ಫೈಲು ಪೆನ್‌ಡ್ರೈವಿಗೆ ಹೋಗಬಾರದು, ಈಗಲೇ ಅಳಿಸು ಎಂದ.

“ಗಂಡ ಇಲ್ದೋಳನ್ನ ವಿಡಿಯೋಗೆ ಕರೆದಿದ್ದೇ ತಪ್ಪಾಯ್ತು.”

“ಊಂ, ತಪ್ಪೇ. ಮಾಡಾಯ್ತಲ್ಲ.”

ಗಲಾಟೆ ಕೇಳಿ ಚಿಕ್ಕವೆಂಕಟಮ್ಮ ಸೊಂಟ ಹಿಡಿದುಕೊಂಡು ಬಂದಳು. “ಏನಮ್ಮಿ, ನನ್ ಮೂತಿ ಇಡಿದಿದ್ದೀಯಂತೆ? ತೋರ್ಸು.”

ಸುಕನ್ಯ ಟೀವಿಯಲ್ಲಿ ಹಾಕಿದಳು. ಕಡೇ ಸಾಲಿನವರು ಕೂತಲ್ಲಿಂದಲೇ ಅಕ್ಷತೆ ಎಸೆಯುತ್ತಿದ್ದರು. ಒಂದು ಕಾಳೂ ಮಂಟಪ ಮುಟ್ಟುತ್ತಿರಲಿಲ್ಲ. ಹೆಣ್ಣನ್ನು ಎತ್ತಿ ಆಡಿಸಿ ಬೆಳೆಸಿದ ಚಿಕ್ಕವೆಂಕಟಮ್ಮ ಎಲೆಅಡಿಕೆ ಅಗಿಯುತ್ತಲೇ ಸೆರಗನ್ನು ಕಣ್ಣಿಗೊತ್ತಿ ಅಳುತ್ತಿದ್ದಳು.

“ಥೂ, ಮೇಕೆ ಮೇದಂಗೆ ಅಗೀತಾ ಇದೀನಲ್ಲೇ!” ಎಂದು ಮುದುಕಿ ನಕ್ಕಳು. ಮತ್ತೆ ಹಾಕಿಸಿಕೊಂಡು ನೋಡಿದಳು. ಈ ಸಲ ನಗಲಿಲ್ಲ. ತಮ್ಮನ ಕಡೆ ತಿರುಗಿದಳು.

“ಲೇ ರಾಮಾ, ಇದನ್ನ ಯಾಕ್ಲಾ ಅಳಿಸ್ಬೇಕು? ನಾನೇನ್ ಕದ್ದೆ?”

“ಅಂಗಲ್ಲಕ್ಕ...”

“ಎಂಗಲ್ಲ?”

ಮುದುಕಿ ಟೀವಿಗೆ ಬೆರಳು ಮಾಡಿದಳು. “ಇದಕ್ಕೆ ಏನಂತ ಬರ್ದಿದ್ದೀಯಮ್ಮಿ?”

“ಕಡೇ ಸಾಲು ಅಂತ, ಅಜ್ಜಿ.”

“ಯಾಕೆ, ನಮ್ಮಪ್ಪ ನಂಗೆ ಎಸ್ರು ಇಕ್ಕಿಲ್ವಾ?”

ಸುಕನ್ಯ ಪೆಟ್ಟಿಗೆ ಹತ್ತಿರ ಎಳೆದುಕೊಂಡಳು. ಕೂತು ಹೆಸರು ಅಳಿಸಿದಳು. ಚಿಕ್ಕವೆಂಕಟಮ್ಮ ಎಂದು ಒಂದೊಂದೇ ಅಕ್ಷರ ಒತ್ತಿದಳು. ಅಷ್ಟುದ್ದ ಹಿಡಿಸಲ್ಲ ಅತ್ಗೆ ಎಂದ ಮುನಿರಾಜ್. ಹಿಡಿಸಿತು. ಪೆನ್‌ಡ್ರೈವಿಗೆ ನಾಲ್ಕು ಫೈಲೂ ಹೋದವು. ರಾಮಚಂದ್ರಪ್ಪ ಕೈ ಚಾಚಿದ. ಸುಕನ್ಯ ಅವನನ್ನು ದಾಟಿ ಮುದುಕಿಯ ಕೈಗೆ ಇಟ್ಟಳು.

“ಮನೇಗ್ ಓದ್ಮೇಲೆ ಮೊದ್ಲು ನಂದ್ ಆಕ್ರಲಾ,” ಎಂದಳು ಚಿಕ್ಕವೆಂಕಟಮ್ಮ. “ಆಮೇಲೆ ನಿಮ್ ಮಂಟಪ.”